ಗೇರ್ ಇಳಿಸುವಿಕೆ

ಗೇರ್ ಇಳಿಸುವಿಕೆ ಎಂದರೆ ಕೈಯಿಂದ ಗೇರ್ ಬದಲಿಸುವ ವ್ಯವಸ್ಥೆಯುಳ್ಳ ವಾಹನವನ್ನು ಚಲಾಯಿಸುವಾಗ ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಬರುವ ಕ್ರಿಯೆ. ಏರು ಹತ್ತುವಾಗ, ಮುಂದಿನ ವಾಹನವನ್ನು ಹಿಂದಿಕ್ಕುವಾಗ ಹಾಗೂ ತಿರುವನ್ನು ಸಮೀಪಿಸುವಾಗ ಚಕ್ರಗಳಿಗೆ ಹೆಚ್ಚಿನ ಎಳೆತ ಒದಗಿಸಲು ಇದನ್ನು ಬಳಸಲಾಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಇದರ ಉದ್ದೇಶ ವೇಗವನ್ನು ತಡೆಹಿಡಿಯುವುದು. ಹೀಗೆ ಎಂಜಿನ್ನಿನ ಪ್ರತಿರೋಧದಿಂದಲೇ ವಾಹನವನ್ನು ನಿಧಾನಗೊಳಿಸುವುದಕ್ಕೆ ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಇದು ಚಾಲಕರಿಗೆ ಅಗತ್ಯವಾದ ಕೌಶಲ.

ತತ್ವ

ವಾಹನದ ವೇಗ ಒಂದೇ ಆಗಿದ್ದಾಗ ಗೇರ್ ಕೆಳಗಿಳಿದಷ್ಟೂ ಎಂಜಿನ್ ವೇಗವಾಗಿ ತಿರುಗಬೇಕಾಗುತ್ತದೆ. ಉದಾಹರಣೆಗೆ, ಒಂದು ಕಾರಿನ ನಾಲ್ಕನೆಯ ಗೇರಿನ ಅನುಪಾತ 1.0, ಮೂರನೆಯದು 1.35, ಎರಡನೆಯದು 1.9 ಮತ್ತು ಮೊದಲನೆಯದು 3.5 ಎಂದಿರಲಿ. ನಾಲ್ಕನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಮೂರನೆಯ ಗೇರಿಗೆ ಬಂದಾಗ 2,700 ಸುತ್ತು, ಎರಡನೆಯದಕ್ಕೆ ಬಂದಾಗ 3,800 ಸುತ್ತು ತಿರುಗುತ್ತದೆ. ಮೊದಲ ಗೇರಿನಲ್ಲಿ ಇದು 7,000 ಸುತ್ತಿಗೆ ಏರಿ, ಅನೇಕ ಎಂಜಿನ್ನುಗಳ ಸುರಕ್ಷಿತ ಮಿತಿಯನ್ನು ಮೀರುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಗಾಳಿಯ ದಾರಿ ಬಹುತೇಕ ಮುಚ್ಚಿಕೊಳ್ಳುತ್ತದೆ. ಆಗ ಪಿಸ್ಟನ್‌ಗಳು ಗಾಳಿಯನ್ನು ಬಲವಂತವಾಗಿ ಎಳೆದುಕೊಳ್ಳಬೇಕಾಗುತ್ತದೆ. ಈ ಶ್ರಮ ಹಾಗೂ ಬಿಡಿಭಾಗಗಳ ಘರ್ಷಣೆ ಸೇರಿ ಚಕ್ರಗಳನ್ನು ತಡೆಯುತ್ತವೆ. ಸಾಂಪ್ರದಾಯಿಕ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ದಾರಿ ಹೀಗೆ ಮುಚ್ಚುವುದಿಲ್ಲ. ಆದ್ದರಿಂದ ಹಲವು ಲಾರಿ, ಬಸ್ಸುಗಳಲ್ಲಿ ಹೊಗೆಯ ದಾರಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕನ್ನು ಪ್ರತ್ಯೇಕವಾಗಿ ಅಳವಡಿಸಲಾಗಿರುತ್ತದೆ.

ವಿಧಾನ

1. ಮೊದಲು ಬ್ರೇಕ್ ಒತ್ತಿ, ಕೆಳಗಿನ ಗೇರಿಗೆ ತಕ್ಕಷ್ಟು ವೇಗ ತಗ್ಗಿಸಬೇಕು.
2. ಕ್ಲಚ್ ಪೆಡಲನ್ನು ಪೂರ್ಣವಾಗಿ ಒತ್ತಿ, ಒಂದು ಗೇರ್ ಕೆಳಗಿಳಿಸಬೇಕು.
3. ಕ್ಲಚ್ ಒತ್ತಿರುವಾಗಲೇ ಆಕ್ಸಿಲರೇಟರನ್ನು ಲಘುವಾಗಿ ಒತ್ತಿ, ಎಂಜಿನ್ನಿನ ಸುತ್ತನ್ನು ಹೊಸ ಗೇರಿಗೆ ಹೊಂದುವಷ್ಟು ಏರಿಸಬೇಕು.
4. ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು.

ಮೂರನೆಯ ಹಂತವನ್ನು ಬಿಟ್ಟು ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ವಾಹನ ಜಗ್ಗುತ್ತದೆ. ಕ್ಲಚ್ ಬೇಗ ಸವೆಯುತ್ತದೆ. ಬಲಗಾಲಿನ ಒಂದು ಭಾಗದಿಂದ ಬ್ರೇಕನ್ನೂ ಇನ್ನೊಂದು ಭಾಗದಿಂದ ಆಕ್ಸಿಲರೇಟರನ್ನೂ ಏಕಕಾಲಕ್ಕೆ ಒತ್ತುವ ಹೀಲ್ ಆಂಡ್ ಟೋ ಕ್ರಮವು ಮೋಟಾರು ಪಂದ್ಯಗಳಲ್ಲಿ ಬಳಕೆಯಲ್ಲಿದೆ. ದಿನನಿತ್ಯದ ಚಾಲನೆಗೆ ಅದು ಅನಿವಾರ್ಯವಲ್ಲ.

ಇಳಿಜಾರಿನಲ್ಲಿ ಬಳಕೆ

1,200 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದಾಗ ಸುಮಾರು 59 ಲಕ್ಷ ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. 20 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ವೇಗ ಹೆಚ್ಚದಂತೆ ಇಳಿಯಬೇಕಾದರೆ ಈ ಶಕ್ತಿಯನ್ನು ಬ್ರೇಕುಗಳು, ಎಂಜಿನ್ ಹಾಗೂ ಗಾಳಿ ಮತ್ತು ಟೈರುಗಳ ಪ್ರತಿರೋಧ ಹಂಚಿಕೊಳ್ಳಬೇಕು. ಎಂಜಿನ್ ತನ್ನ ಪಾಲನ್ನು ಹೊರದಿದ್ದರೆ ಹೊರೆಯ ಬಹುಭಾಗ ಬ್ರೇಕುಗಳ ಮೇಲೆ ಬೀಳುತ್ತದೆ.

ಬ್ರೇಕುಗಳು ಅತಿಯಾಗಿ ಕಾದಾಗ ಪ್ಯಾಡ್‌ಗಳ ಹಿಡಿತ ಕುಗ್ಗುತ್ತದೆ. ಕಾವು ಬ್ರೇಕ್ ದ್ರವಕ್ಕೆ ತಲುಪಿ ಅದು ಕುದಿದರೆ ಕೊಳವೆಗಳಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಪೆಡಲ್ ಒತ್ತಿದರೂ ಒತ್ತಡ ಚಕ್ರವನ್ನು ಮುಟ್ಟುವುದಿಲ್ಲ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವಾಂಶ ಹೀರಿಕೊಂಡ ದ್ರವಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ಹಳೆಯ ದ್ರವವಿರುವ ವಾಹನಕ್ಕೆ ಅಪಾಯ ಹೆಚ್ಚಿರುವುದು ಈ ಕಾರಣದಿಂದ.

ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ ಗೇರ್ ಇಳಿಸಬೇಕು. ಏರುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕೆಂಬುದು ಚಾಲಕರಲ್ಲಿ ರೂಢಿಯಲ್ಲಿರುವ ನಿಯಮ. ಬ್ರೇಕನ್ನು ಸತತವಾಗಿ ಒತ್ತಿಹಿಡಿಯದೆ, ಆಗಾಗ ದೃಢವಾಗಿ ಒತ್ತಿ ಬಿಡುವುದರಿಂದ ಅದಕ್ಕೆ ತಣಿಯಲು ಅವಕಾಶ ಸಿಗುತ್ತದೆ.

ನ್ಯೂಟ್ರಲ್‌ನಲ್ಲಿ ಇಳಿಯುವುದು

ಇಂಧನ ಉಳಿತಾಯಕ್ಕೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರುವ ಅಭ್ಯಾಸ ಅಪಾಯಕಾರಿ. ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ, ಇಂಧನವನ್ನು ಎಲೆಕ್ಟ್ರಾನಿಕ್ ನಿಯಂತ್ರಣದಿಂದ ಸಿಂಪಡಿಸುವ ಆಧುನಿಕ ಎಂಜಿನ್ನುಗಳು ಸಾಮಾನ್ಯವಾಗಿ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ನಿಲ್ಲದಿರಲು ಇಂಧನ ಉರಿಯುತ್ತಲೇ ಇರಬೇಕು. ಎಂಜಿನ್ನನ್ನೇ ಆರಿಸಿದರೆ ಬ್ರೇಕಿಗೆ ದೊರೆಯುವ ನಿರ್ವಾತದ ನೆರವು ಕೆಲವೇ ಒತ್ತುವಿಕೆಗಳಲ್ಲಿ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದರ ನೆರವೂ ನಿಲ್ಲುತ್ತದೆ.

ಎಚ್ಚರಿಕೆಗಳು

* ಹೆಚ್ಚಿನ ವೇಗದಲ್ಲಿ ಹಲವು ಗೇರುಗಳನ್ನು ಒಮ್ಮೆಲೇ ಇಳಿಸಿದರೆ ಎಂಜಿನ್ನಿಗೆ ಹಾನಿಯಾಗಬಹುದು.
* ಮಳೆಗಾಲದ ಜಾರು ರಸ್ತೆಯಲ್ಲಿ ಒರಟಾಗಿ ಗೇರ್ ಇಳಿಸಿದರೆ ಚಕ್ರಗಳು ಹಿಡಿತ ಕಳೆದುಕೊಳ್ಳಬಹುದು. ಗೇರನ್ನು ತಿರುವಿನ ಮುನ್ನವೇ ಇಳಿಸುವುದು ಕ್ಷೇಮ.
* ಕೇವಲ ಗೇರಿನಿಂದ ನಿಧಾನಗೊಳಿಸುವಾಗ ಬ್ರೇಕ್ ದೀಪ ಉರಿಯುವುದಿಲ್ಲ. ಹಿಂದಿನವರಿಗೆ ಸೂಚನೆ ನೀಡಲು ಬ್ರೇಕ್ ಪೆಡಲನ್ನು ಲಘುವಾಗಿ ಒತ್ತಬೇಕು.

ಇತಿಹಾಸ

ಆರಂಭದ ಗೇರ್‌ಪೆಟ್ಟಿಗೆಗಳಲ್ಲಿ ಹಲ್ಲುಚಕ್ರಗಳ ವೇಗವನ್ನು ಚಾಲಕನೇ ಸರಿಹೊಂದಿಸಬೇಕಿತ್ತು. ಇದಕ್ಕಾಗಿ ಪ್ರತಿ ಬದಲಾವಣೆಯಲ್ಲೂ ಕ್ಲಚ್ಚನ್ನು ಎರಡು ಬಾರಿ ಒತ್ತುವ ಡಬಲ್ ಕ್ಲಚ್ ಕ್ರಮ ರೂಢಿಯಲ್ಲಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಸಿಂಕ್ರೊಮೆಶ್ ವ್ಯವಸ್ಥೆ ಬಂದಿತು. ಅದು ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುತ್ತದೆ. ಈ ವ್ಯವಸ್ಥೆ ವ್ಯಾಪಕವಾದ ಬಳಿಕ ಕಾರುಗಳಲ್ಲಿ ಡಬಲ್ ಕ್ಲಚ್ಚಿನ ಅಗತ್ಯ ಕ್ರಮೇಣ ಇಲ್ಲವಾಯಿತು.