ಎಲ್ 18 ಸಾಹೇಬರು

ನನ್ನ ನಾಲ್ಕಡಿ ಅಕ್ವೇರಿಯಮ್ಮಿನಲ್ಲಿ ಒಬ್ಬ ಸಾಹೇಬರಿದ್ದಾರೆ. ಕಪ್ಪು ಮೈ ತುಂಬ ಹಳದಿ ಚುಕ್ಕೆ, ಹುರುಪೆಯ ಬದಲು ಮೂಳೆಯ ಕವಚ. ಹೆಸರು ಕೇಳಿದರೆ ಅಂಗಡಿಯವರು "ಎಲ್ 18" ಅಂದರು. ಇದೇನಪ್ಪ, ಬಸ್ ನಂಬರ್ರಾ ಅಂತ ಹುಡುಕುತ್ತಾ ಕೂತೆ...

ದಕ್ಷಿಣ ಅಮೆರಿಕದಿಂದ ಅಂಗಡಿಗೆ ಬರುತ್ತಿದ್ದ ಹೊಸ ಮೀನುಗಳಿಗೆ ಹೆಸರಿಡಲು ವಿಜ್ಞಾನಿಗಳಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಅದಕ್ಕೇ 1988ರಲ್ಲಿ ಜರ್ಮನಿಯ 'ಡಾಟ್ಸ್' ಪತ್ರಿಕೆ ಫೋಟೋ ಹಾಕಿ ನಂಬರ್ ಕೊಡಲು ಶುರುಮಾಡಿತು. 'ಎಲ್' ಅಂದರೆ ಲೋರಿಕ್ಯಾರಿಡೇ ಕುಟುಂಬ. ಬ್ರೆಜಿಲ್ಲಿನ ಶಿಂಗು ನದಿಯ ನಮ್ಮ ಸಾಹೇಬರಿಗೆ 18, 81, 85, 177 ಅಂತ ನಾಲ್ಕು ನಂಬರ್ ಬಿದ್ದವು. ನಾಲ್ಕೂ ಒಂದೇ ಜಾತಿ ಅಂತ ತೀರ್ಮಾನವಾಗಿ 'ಬ್ಯಾರಿಯಾನ್ಸಿಸ್ಟ್ರಸ್ ಕ್ಸಾಂಥೆಲಸ್' ಎಂಬ ಹೆಸರು ಬಂದದ್ದು 2011ರಲ್ಲಿ. ಒಂದೇ ಬಗ್ಗಿಗೆ ನಾಲ್ವರು ನಾಲ್ಕು ಟಿಕೆಟ್ ತೆಗೆದ ಹಾಗೆ! (ನಮ್ಮಲ್ಲೂ ಮುಚ್ಚೋಕೆ ವರ್ಷಗಟ್ಟಲೆ ಹಿಡಿಯುತ್ತೆ ಬಿಡಿ.)

ಹೆಸರು ಬಂದ ವರ್ಷವೇ ಶಿಂಗುವಿನಲ್ಲಿ ಬೆಲೊ ಮೊಂಟೆ ಅಣೆಕಟ್ಟಿನ ಕೆಲಸವೂ ಶುರುವಾಯಿತು. 2016ರಿಂದ ಅಲ್ಲಿ ವಿದ್ಯುತ್ ತಯಾರಾಗುತ್ತಿದೆ. ನೀರನ್ನು ಕಾಲುವೆಗೆ ತಿರುಗಿಸಿದ್ದರಿಂದ ವೋಲ್ಟಾ ಗ್ರಾಂಡೆ ಎಂಬ ತಿರುವಿನಲ್ಲಿ ಹರಿವು ಇಳಿದಿದೆ. ಈ ಮೀನು ಬಂಡೆಯ ಪಾಚಿ ಕೆರೆದು ತಿನ್ನುವ ಜಾಗಗಳಲ್ಲಿ ಅದೂ ಒಂದು. ಇವಕ್ಕೆ ಹರಿಯುವ ನೀರು, ಆಮ್ಲಜನಕ ಎರಡೂ ಬೇಕು.

ನಿನ್ನೆ ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಿತು. ಸಾಹೇಬರು ಗಾಜಿಗಂಟಿಕೊಂಡು ಏದುಸಿರು ಬಿಡುತ್ತಿದ್ದರು. ಕರೆಂಟ್ ಬರುವವರೆಗೂ ಚೊಂಬಿನಲ್ಲಿ ನೀರೆತ್ತಿ ಎತ್ತಿ ಸುರಿದೆ.