ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್ (ಬಿಗ್)

ಜೀವವಿಜ್ಞಾನದ ಹೊಸ ಪರಿಕಲ್ಪನೆಯೊಂದು ಕಾರ್ಯಸಾಧ್ಯವೇ ಎಂದು ಪರೀಕ್ಷಿಸಿ, ಮುಂದಿನ ದೊಡ್ಡ ಯೋಜನೆಗೆ ಅಡಿಪಾಯ ಹಾಕಿಕೊಳ್ಳಲು ಕೇಂದ್ರ ಸರ್ಕಾರ ಕೊಡುವ ಆರಂಭಿಕ ಅನುದಾನ. ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಸ್ಥಾಪಿಸಿದ ಬೈರಾಕ್ ಇದರ ನಿರ್ವಾಹಕ ಸಂಸ್ಥೆ. ಗರಿಷ್ಠ ಮೊತ್ತ 50 ಲಕ್ಷ ರೂಪಾಯಿ. ಅವಧಿ ಸಾಮಾನ್ಯವಾಗಿ 18 ತಿಂಗಳು. ಹಣ ಒಮ್ಮೆಗೇ ಕೈಸೇರುವುದಿಲ್ಲ. ಒಪ್ಪಿಕೊಂಡ ಗುರಿಗಳನ್ನು ಮುಟ್ಟಿದಂತೆ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಕರ್ನಾಟಕದಲ್ಲಿ ಇದರ ಪಾಲುದಾರ, 2009ರಲ್ಲಿ ಆರಂಭವಾದ ಬೆಂಗಳೂರಿನ ಸಿ-ಕ್ಯಾಂಪ್. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಈ ಕೇಂದ್ರ ಅರ್ಜಿ ಪರಿಶೀಲನೆ, ಮಾರ್ಗದರ್ಶನ, ಪ್ರಗತಿಯ ನಿಗಾ ನೋಡಿಕೊಳ್ಳುತ್ತದೆ. ನವೋದ್ಯಮಗಳಲ್ಲದೆ ಸ್ವಂತ ಕಂಪನಿಯಿಲ್ಲದ ವ್ಯಕ್ತಿಯೂ ಅರ್ಹ. ಆದರೆ ಮಾನ್ಯತೆ ಪಡೆದ ಇನ್‌ಕ್ಯುಬೇಟರ್‌ನ ಆಸರೆ ಇರಬೇಕು. ಸುಸಜ್ಜಿತ ಪ್ರಯೋಗಾಲಯಗಳು ದೂರವಿರುವ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕುಗಳವರಿಗೆ ಮೊತ್ತಕ್ಕಿಂತ ಈ ಷರತ್ತೇ ನಿರ್ಣಾಯಕ.