ಅವಳಿಗೆ ಯಾರಿಂದ ಬಂತು?

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಹೂಡೆಯಲ್ಲಿ ಒಬ್ಬ ಹುಡುಗನಿಗೆ ಗಲ್ಫ್ ವೀಸಾ ಬಂತೆಂದರೆ ಅದು ಒಂದು ಮನೆಯ ಸಂತೋಷವಾಗಿ ಉಳಿಯುತ್ತಿರಲಿಲ್ಲ, ಇಡೀ ಕೇರಿಯ ಸಂತೋಷವಾಗುತ್ತಿತ್ತು. ಆದರೆ ವಿಮಾನ ಹತ್ತುವ ಮೊದಲು ವೈದ್ಯಕೀಯ ತಪಾಸಣೆ ಆಗಬೇಕಿತ್ತು. ರಕ್ತ ಕೊಡಬೇಕು, ಎಕ್ಸ್‌ರೇ ತೆಗೆಸಬೇಕು, ಫಲಿತಾಂಶಕ್ಕಾಗಿ ಕಾಯಬೇಕು. ಮುಂಬೈಯ ಹೋಟೆಲೊಂದರಲ್ಲಿ ಹಲವು ವರ್ಷ ದುಡಿದು ಬಂದಿದ್ದ ನಮ್ಮ ಪರಿಚಯದ ಒಬ್ಬನಿಗೆ 'ಅನ್‌ಫಿಟ್' ಎಂದು ಬಂತು. ಯಾಕೆಂದು ಅವನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಊರು ಅರ್ಥ ಮಾಡಿಕೊಂಡಿತು. ಚಹಾದ ಅಂಗಡಿಯಲ್ಲಿ ಯಾರೋ "ಬೊಂಬಾಯಿಯ ಹೆಂಗಸರಿಂದ ತಂದುಕೊಂಡ" ಎಂದರು. ಉಳಿದವರು ತಲೆಯಾಡಿಸಿದರು. ಆಗಷ್ಟೇ ಕಾಲೇಜು ಸೇರಿದ್ದ ನಾವೂ ತಲೆಯಾಡಿಸಿದೆವು.

ಮನೆಗೆ ಬಂದು ಆ ಮಾತನ್ನೇ ಹೇಳಿದಾಗ, ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಮ್ಮ ಖಾಲಾ ತಲೆ ಎತ್ತದೆಯೇ ಕೇಳಿದರು: "ಅದು ಸರಿ ಬೇಟಾ, ಆ ಹೆಣ್ಣಿಗೆ ಯಾರಿಂದ ಬಂತಂತೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಯ ಮುಖ ನೋಡದ ಖಾಲಾ ಕೇಳಿದ ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ಸರಕಾರಗಳು, ವೈದ್ಯರು, ಸೇನಾಧಿಕಾರಿಗಳು ಬಹಳ ಕಾಲ ಕೇಳಲೇ ಇಲ್ಲ ಎಂಬುದು ನಮಗೆ ತಿಳಿದದ್ದು ಇತಿಹಾಸದ ಪುಸ್ತಕಗಳನ್ನು ತಿರುವಿ ಹಾಕತೊಡಗಿದ ಮೇಲೆ.

ರೋಗದ ಹೆಸರಿನಿಂದಲೇ ಪ್ರಾರಂಭಿಸೋಣ. ಸಿಫಿಲಿಸ್ ಯುರೋಪಿನಲ್ಲಿ 15ನೇ ಶತಮಾನದ ಕೊನೆಗೆ ಹಬ್ಬಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗ ಎಂದರು. ಫ್ರೆಂಚರು ನೇಪಲ್ಸ್‌ನ ರೋಗ ಎಂದರು. ರಷ್ಯನ್ನರು ಪೋಲೆಂಡಿನ ರೋಗ ಎಂದರು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ. ನಮ್ಮ ತೋನ್ಸೆಯ ಹೆಸರನ್ನೇ ಹೊತ್ತ ತೋನ್ಸೆಪಾರ್ ದ್ವೀಪದಲ್ಲಿ, ಅಂದರೆ ಈಗ ಪ್ರವಾಸಿಗರು ಸೇಂಟ್ ಮೇರಿಸ್ ಎಂದು ಕರೆಯುವ ದ್ವೀಪದಲ್ಲಿ, ಅವನು ಇಳಿದಿದ್ದನೆಂಬ ಪ್ರತೀತಿಯೂ ಇದೆ. ಪೋರ್ಚುಗೀಸರು ಬಂದ ಮುಂದಿನ ಶತಮಾನದಲ್ಲಿ ರಚನೆಯಾದ 'ಭಾವಪ್ರಕಾಶ' ಎಂಬ ಆಯುರ್ವೇದ ಗ್ರಂಥದಲ್ಲಿ 'ಫಿರಂಗ ರೋಗ'ದ ವರ್ಣನೆ ಬರುತ್ತದೆ. ಕನ್ನಡದಲ್ಲಿ ಅದು 'ಪರಂಗಿ ಹುಣ್ಣು' ಆಯಿತು. ಉರ್ದುವಿನಲ್ಲಿ ಮಾತ್ರ ಬೆಂಕಿಯ ನೆನಪಿರುವ 'ಆತಶಕ್' ಎಂಬ ಹೆಸರು ನಿಂತಿತು. ರೋಗ ಯಾವಾಗಲೂ ಪರಕೀಯನದು, ನಮ್ಮದಲ್ಲ ಎಂಬ ಭಾವನೆ ಹೀಗೆ ಹೆಸರುಗಳಲ್ಲೇ ಕುಳಿತಿದೆ. ಬೇರೆ ದೇಶದವನ ಮೇಲೆ ಹೊರಿಸಿದ ತಪ್ಪನ್ನು ಸ್ವಂತ ಊರಿನ ಹೆಣ್ಣಿನ ಮೇಲೆ ಹೊರಿಸಲು ಹೆಚ್ಚು ಕಾಲ ಹಿಡಿಯಲಿಲ್ಲ.

ಇದು ಬರೀ ಮಾತಾಗಿ ಉಳಿಯದೆ ಕಾನೂನಾದದ್ದು ಬ್ರಿಟಿಷರ ದಂಡುಗಳಲ್ಲಿ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪನೆಯಾಯಿತು. ಅಲ್ಲಿದ್ದ ಗೋರಾ ಸಿಪಾಯಿಗಳಲ್ಲಿ ಹೆಚ್ಚಿನವರು ಅವಿವಾಹಿತರು. ಸಿಪಾಯಿಗಳು ಮದುವೆಯಾಗುವುದನ್ನು ಸೇನೆ ಬಯಸುತ್ತಿರಲಿಲ್ಲ, ಮದುವೆಗೆ ಅನುಮತಿ ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಹಾಗಾಗಿ ಪಲ್ಟನ್ನಿನ ಬಜಾರಿನಲ್ಲಿ ಬಡ ಹೆಂಗಸರಿಗೆ ಜಾಗ ಮಾಡಿಕೊಡಲಾಯಿತು. ಉತ್ತರದ ದಂಡುಗಳಲ್ಲಿ ಇಂತಹ ಕೇರಿಗೆ 'ಲಾಲ್ ಬಜಾರ್' ಎಂಬ ಹೆಸರಿತ್ತು. ಸಿಪಾಯಿಗಳು ರೋಗ ತಗಲಿ ಆಸ್ಪತ್ರೆ ಸೇರತೊಡಗಿದಾಗ ಸರಕಾರ ಹುಡುಕಿದ ಪರಿಹಾರವೆಂದರೆ ಆ ಹೆಂಗಸರನ್ನು ಹಿಡಿದು ಪರೀಕ್ಷಿಸುವುದು.

ಇದಕ್ಕಾಗಿ ತೆರೆದವೇ 'ಲಾಕ್ ಆಸ್ಪತ್ರೆ'ಗಳು. ಮದ್ರಾಸ್ ಪ್ರಾಂತದಲ್ಲಿ ಇವು 19ನೇ ಶತಮಾನದ ಆರಂಭದಲ್ಲೇ ಹುಟ್ಟಿಕೊಂಡವು. ಬೆಂಗಳೂರಿನಲ್ಲೂ ಬಳ್ಳಾರಿಯಲ್ಲೂ ಅವು ಇದ್ದವು. ಲಾಕ್ ಎಂಬುದು ಬೀಗಕ್ಕೆ ಸಂಬಂಧಿಸಿದ ಹೆಸರಲ್ಲ, ಲಂಡನ್ನಿನ ಹಳೆಯ ಕುಷ್ಠಾಲಯವೊಂದರಿಂದ ಬಂದದ್ದು. ಆದರೆ ಇಲ್ಲಿ ಬೀಗ ನಿಜವಾಗಿಯೂ ಇತ್ತು. 1864ರ ಕಂಟೋನ್ಮೆಂಟ್ ಕಾಯಿದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ಆ ಹೆಂಗಸರು ಹೆಸರು ನೋಂದಾಯಿಸಿ ಚೀಟಿ ಪಡೆಯಬೇಕಿತ್ತು. ನಿಗದಿತ ದಿನ ಪರೀಕ್ಷೆಗೆ ಹಾಜರಾಗಬೇಕಿತ್ತು. ತಪ್ಪಿಸಿದರೆ ದಂಡ ಅಥವಾ ಸೆರೆ. ರೋಗ ಕಂಡುಬಂದರೆ ವೈದ್ಯರು ಬಿಡುವ ತನಕ ಆಸ್ಪತ್ರೆಯ ಒಳಗೆ.

ಸಿಪಾಯಿಯ ಗತಿ ಏನು? ಸಿಪಾಯಿಗಳನ್ನೂ ಕಡ್ಡಾಯವಾಗಿ ಪರೀಕ್ಷಿಸುವ ಪದ್ಧತಿ ಬ್ರಿಟಿಷ್ ಸೇನೆಯಲ್ಲಿ ಮೊದಲು ಇತ್ತು. ಅದು ಅವರ ಆತ್ಮಗೌರವಕ್ಕೆ ಕುಂದು ತರುತ್ತದೆ ಎಂದು 1859ರಲ್ಲಿ ಕೈಬಿಡಲಾಯಿತು. ಗಂಡಸಿಗೆ ಮಾನ ಹೋಗುವ ತಪಾಸಣೆಯಿಂದ ಹೆಂಗಸಿಗೆ ಏನೂ ಹೋಗುವುದಿಲ್ಲ ಎಂದು ಆ ಅಧಿಕಾರಿಗಳು ನಂಬಿದ್ದರು!

ಈ ಏರ್ಪಾಡು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಟೊಳ್ಳಾಗಿತ್ತು. ಗೊನೋರಿಯಾದ ಸೂಕ್ಷ್ಮಜೀವಿ ಪತ್ತೆಯಾದದ್ದು 1879ರಲ್ಲಿ, ಸಿಫಿಲಿಸ್‌ನದು 1905ರಲ್ಲಿ. ಅದುವರೆಗೆ ವೈದ್ಯರು ಬರಿಗಣ್ಣಿಗೆ ಕಾಣುವ ಹುಣ್ಣನ್ನು ನೋಡಿ ತೀರ್ಪು ಕೊಡುತ್ತಿದ್ದರು. ಹೆಂಗಸರಲ್ಲಿ ಈ ಸೋಂಕುಗಳು ಎಷ್ಟೋ ಬಾರಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಸಿಫಿಲಿಸ್‌ನ ಹುಣ್ಣು ತಾನಾಗಿಯೇ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಚಿಕಿತ್ಸೆಯೆಂದು ಕೊಡುತ್ತಿದ್ದ ಪಾದರಸ ಹಲ್ಲು ವಸಡುಗಳನ್ನು ಹಾಳು ಮಾಡುತ್ತಿತ್ತೇ ಹೊರತು ರೋಗವನ್ನು ತೆಗೆಯುತ್ತಿರಲಿಲ್ಲ. ಒಬ್ಬಳಿಗೆ ಬಳಸಿದ ಸಲಕರಣೆಯನ್ನು ಸರಿಯಾಗಿ ಶುಚಿ ಮಾಡದೆ ಇನ್ನೊಬ್ಬಳಿಗೆ ಬಳಸಿದರೆ ಪರೀಕ್ಷೆಯೇ ರೋಗ ಹರಡಬಲ್ಲದಾಗಿತ್ತು. ಆದುದರಿಂದ ಆ ಚೀಟಿ ಹೆಂಗಸಿಗೆ ಆರೋಗ್ಯ ಕೊಡಲಿಲ್ಲ, ಸಿಪಾಯಿಗೆ ಸುಳ್ಳು ಧೈರ್ಯ ಕೊಟ್ಟಿತು. ನಿನ್ನೆ ಪರೀಕ್ಷೆಯಲ್ಲಿ ಪಾರಾದವಳಿಗೆ ಇಂದು ರೋಗವಿರುವ ಸಿಪಾಯಿಯೇ ಗಿರಾಕಿಯಾಗಿ ಬರಬಹುದು ಎಂಬ ಸರಳ ವಿಚಾರ ಲೆಕ್ಕಕ್ಕೆ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮತ್ತವರ ಸಂಗಡಿಗರು ಇಂತಹದೇ ಕಾನೂನಿನ ವಿರುದ್ಧ ಹೋರಾಡಿ 1886ರಲ್ಲಿ ಅದನ್ನು ರದ್ದು ಮಾಡಿಸಿದರು. ಅದೇ ವರ್ಷ ಭಾರತದ ಸೇನಾ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತ್ತು. ಪಲ್ಟನ್ನುಗಳಿಗೆ ಸಾಕಷ್ಟು ಸಂಖ್ಯೆಯಲ್ಲಿ, ನೋಡಲು ಚೆನ್ನಾಗಿರುವ ಹೆಂಗಸರನ್ನು ಒದಗಿಸಬೇಕು ಎಂಬುದು ಅದರ ಸಾರ. ಅದು ಬಯಲಾದಾಗ ದೊಡ್ಡ ಗದ್ದಲವೆದ್ದಿತು. 1888ರಲ್ಲಿ ಬ್ರಿಟಿಷ್ ಸಂಸತ್ತು ಕಡ್ಡಾಯ ಪರೀಕ್ಷೆಯ ವಿರುದ್ಧ ನಿರ್ಣಯ ಸ್ವೀಕರಿಸಿತು. 1868ರ ಕಾಯಿದೆಯೂ ರದ್ದಾಯಿತು. ಆದರೆ ಕಾಗದದಲ್ಲಿ ಸತ್ತದ್ದು ದಂಡಿನಲ್ಲಿ ಬದುಕಿತ್ತು. 1891-92ರಲ್ಲಿ ಎಲಿಜಬೆತ್ ಆಂಡ್ರ್ಯೂ ಮತ್ತು ಕ್ಯಾಥರಿನ್ ಬುಶ್ನೆಲ್ ಎಂಬ ಇಬ್ಬರು ಅಮೆರಿಕನ್ ಮಹಿಳೆಯರು ಲಖನೌ, ಮೀರತ್, ಪೇಶಾವರ ಮುಂತಾದ ದಂಡುಗಳಿಗೆ ಹೋಗಿ ಆ ಹೆಂಗಸರೊಡನೆಯೇ ಕುಳಿತು ಮಾತನಾಡಿದರು. ಪರೀಕ್ಷೆ ಹಾಗೆಯೇ ನಡೆಯುತ್ತಿದೆ ಎಂದು ಜಗತ್ತಿಗೆ ತಿಳಿಸಿದರು. ಬಡತನದ ಜೊತೆಗೆ ಆ ಪರೀಕ್ಷೆಯ ಅವಮಾನವನ್ನೂ ಹೆಂಗಸರು ಅವರಲ್ಲಿ ತೋಡಿಕೊಂಡಿದ್ದರು. ಸೇನಾಪತಿಯಾಗಿದ್ದ ಲಾರ್ಡ್ ರಾಬರ್ಟ್ಸ್ 1893ರಲ್ಲಿ ಕ್ಷಮೆ ಕೇಳಬೇಕಾಯಿತು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕಡ್ಡಾಯ ಪರೀಕ್ಷೆ ನಿಂತೊಡನೆ ರೋಗ ಕಡಿಮೆಯಾಗಲಿಲ್ಲ. ಪರೀಕ್ಷೆ ಇದ್ದಾಗಲೂ ಅದು ಏರುತ್ತಿತ್ತು, ನಿಂತ ಮೇಲೂ ಏರಿತು. 1895ರಲ್ಲಿ ಭಾರತದಲ್ಲಿದ್ದ ಪ್ರತಿ 1000 ಬ್ರಿಟಿಷ್ ಸಿಪಾಯಿಗಳಿಗೆ 500ಕ್ಕೂ ಹೆಚ್ಚು ಗುಹ್ಯರೋಗದ ಪ್ರಕರಣಗಳು ಆಸ್ಪತ್ರೆಗಳಲ್ಲಿ ದಾಖಲಾದವು. ಇದನ್ನೇ ನೆಪ ಮಾಡಿಕೊಂಡು 1897ರಲ್ಲಿ ಹಳೆಯ ನಿಯಮಗಳಲ್ಲಿ ಕೆಲವನ್ನು ಹೊಸ ರೂಪದಲ್ಲಿ ಮರಳಿ ತರಲಾಯಿತು. ರೋಗ ನಿಜವಾಗಿ ಇಳಿದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಸಿಪಾಯಿಗೇ ತಿಳುವಳಿಕೆ ಹೇಳುವ, ಅವನಿಗೆ ಆಟಪಾಠ ಮತ್ತು ಉತ್ತಮ ಚಿಕಿತ್ಸೆ ಒದಗಿಸುವ ಕೆಲಸ ಸೇನೆಯಲ್ಲಿ ನಡೆದದ್ದೂ ಆಗಲೇ. ಗಂಡಸನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಲೆಕ್ಕ ಬದಲಾಯಿತು.

1943ರಲ್ಲಿ ಸಿಫಿಲಿಸ್‌ಗೆ ಪೆನಿಸಿಲಿನ್ ಬಂತು. ಶತಮಾನಗಳ ರೋಗ ಸೂಜಿಮದ್ದಿಗೆ ಮಣಿಯಿತು. ಇನ್ನು ಈ ಅಧ್ಯಾಯ ಮುಗಿಯಿತು ಎಂದು ಜನ ಅಂದುಕೊಳ್ಳುವಷ್ಟರಲ್ಲಿ ಏಡ್ಸ್ ಬಂತು. 1986ರಲ್ಲಿ ಚೆನ್ನೈಯ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕನ್ನು ಪತ್ತೆ ಮಾಡಿದರು. ಅದು ದೊಡ್ಡ ಸಾಧನೆ. ಆದರೆ ಆ ಮಾದರಿಗಳು ಸಂಗ್ರಹವಾದದ್ದು ಮಹಿಳೆಯರನ್ನು ಕೂಡಿಹಾಕಿದ್ದ ಸರಕಾರಿ ಗೃಹದಿಂದ. ಮೊದಲು ಹುಡುಕಿದ್ದು ಅಲ್ಲಿ, ಆದುದರಿಂದ ಮೊದಲು ಸಿಕ್ಕಿದ್ದೂ ಅಲ್ಲಿ. ಜನರ ಬಾಯಲ್ಲಿ ಅದು ಅವರಿಂದಲೇ ಹುಟ್ಟಿದ ರೋಗವಾಯಿತು. ಮುಂದೆ ತಮಿಳುನಾಡಿನಲ್ಲಿ ಎಚ್‌ಐವಿ ಇದೆಯೆಂಬ ಕಾರಣಕ್ಕೆ ಮಹಿಳೆಯರನ್ನು ಬಿಡುಗಡೆ ಮಾಡದೆ ಇರಿಸಿಕೊಂಡದ್ದೂ ಉಂಟು. 1990ರಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಅವರು ಹೊರಬಂದರು. ಲಾಕ್ ಆಸ್ಪತ್ರೆ ಮುಚ್ಚಿ ನೂರು ವರ್ಷವಾಗಿತ್ತು, ಬೀಗ ಮಾತ್ರ ಅಲ್ಲೇ ಇತ್ತು.

ನಮ್ಮ ಕರಾವಳಿಗೆ ಹತ್ತಿರದ ಇನ್ನೊಂದು ಉದಾಹರಣೆ ಗೋವಾದ್ದು. ವಾಸ್ಕೋ ಬಂದರಿನ ಬಳಿಯ ಬೈನಾ ಕಡಲತೀರದಲ್ಲಿ ಹಲವು ದಶಕಗಳಿಂದ ವೇಶ್ಯಾಕೇರಿಯೊಂದಿತ್ತು. ಅಲ್ಲಿದ್ದ ಹೆಂಗಸರಲ್ಲಿ ಬಹಳ ಮಂದಿ ಕರ್ನಾಟಕ ಮತ್ತು ಆಂಧ್ರದವರು. ಬರ ಮತ್ತು ಸಾಲ ಅವರನ್ನು ಅಲ್ಲಿಗೆ ತಂದಿದ್ದವು. ಕೆಲವರನ್ನು ದೇವದಾಸಿ ಪದ್ಧತಿ ತಂದಿತ್ತು. ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. 2004ರ ಜೂನ್‌ನಲ್ಲಿ, ಮಳೆಗಾಲದ ನಡುವೆ, ಬೈನಾದ ಮನೆಗಳನ್ನು ಬುಲ್ಡೋಜರ್‌ಗಳು ಕೆಡವಿದವು. ಕೇರಿ ಹೋಯಿತು, ವೃತ್ತಿ ಹೋಗಲಿಲ್ಲ. ಅದು ಲಾಡ್ಜುಗಳಿಗೆ, ರಸ್ತೆಬದಿಗೆ ಚದುರಿತು. ಒಂದೇ ಕಡೆ ಇದ್ದಾಗ ಅವರಿಗೆ ಕಾಂಡೋಮ್ ಮತ್ತು ಔಷಧ ತಲುಪಿಸುತ್ತಿದ್ದವರಿಗೆ ಅವರನ್ನು ಹುಡುಕುವುದೇ ಕಷ್ಟವಾಯಿತು.

ವಿಶೇಷವೆಂದರೆ ಅದೇ 2004ರಲ್ಲಿ ನಮ್ಮ ಮೈಸೂರಿನಲ್ಲಿ ಬೇರೆಯೇ ರೀತಿಯ ಕೆಲಸ ಪ್ರಾರಂಭವಾಗಿತ್ತು. ಕೋಲ್ಕತ್ತಾದ ಸೋನಾಗಾಚಿಯಲ್ಲಿ 1992ರಿಂದ ಡಾ. ಸ್ಮರಜಿತ್ ಜಾನಾ ತೋರಿಸಿದ ದಾರಿ ಅದಕ್ಕೆ ಮಾದರಿಯಾಗಿತ್ತು. ಮಹಿಳೆಯರನ್ನು ಹಿಡಿದು ತರುವ ಬದಲು ಅವರನ್ನೇ ಆರೋಗ್ಯದ ಕೆಲಸಕ್ಕೆ ಸೇರಿಸಿಕೊಳ್ಳಲಾಯಿತು. ಮುಂದೆ ಅವರ ಸಂಘಟನೆ 'ಅಶೋದಯ ಸಮಿತಿ' ಎಂದು ಹೆಸರಾಯಿತು. ಅವರು ಮೊದಲು ಹೇಳಿದ ಕಷ್ಟ ರೋಗದ್ದಲ್ಲ, ಪೊಲೀಸರ ಮತ್ತು ಗೂಂಡಾಗಳ ಹೊಡೆತದ್ದು. ಬೀದಿಯಲ್ಲಿ ನಿಂತವಳು ಪೊಲೀಸರ ಹೆದರಿಕೆಯಿಂದ ಅವಸರದಲ್ಲಿ ಗಿರಾಕಿಯೊಡನೆ ಹೋಗುತ್ತಾಳೆ. ಕಾಂಡೋಮ್ ಬಳಸೋಣ ಎಂದು ಹೇಳುವಷ್ಟೂ ವ್ಯವಧಾನ ಅವಳಿಗಿರುವುದಿಲ್ಲ. ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದೇ ಅವಳ ವಿರುದ್ಧ ಸಾಕ್ಷಿಯಾಗುತ್ತಿತ್ತು. ಕುಡಿದು ಬಂದವನು, ಹೆಚ್ಚು ದುಡ್ಡು ಕೊಡುತ್ತೇನೆ, ಕಾಂಡೋಮ್ ಬೇಡ ಎಂದರೆ, ಮನೆಯಲ್ಲಿ ಹಸಿದ ಮಕ್ಕಳಿರುವವಳು ಏನು ಮಾಡಿಯಾಳು? ಹೀಗೆ ಹಿಂಸೆ ಕಡಿಮೆ ಮಾಡುವುದೂ ರೋಗ ತಡೆಯುವ ಕೆಲಸವೇ ಎಂದು ತಿಳಿದು ಪೊಲೀಸರೊಡನೆ ಮಾತುಕತೆ ನಡೆಯಿತು, ಚಿಕಿತ್ಸಾಲಯ ತೆರೆಯಿತು.

2004 ಮತ್ತು 2006ರಲ್ಲಿ ಮೈಸೂರಿನ ಈ ಮಹಿಳೆಯರ ನಡುವೆ ನಡೆದ ಎರಡು ಸಮೀಕ್ಷೆಗಳ ಅಂಕಿಗಳು ಓದತಕ್ಕವು. ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿದಿತ್ತು. ಕ್ಲಮೀಡಿಯಾ ಶೇ. 11ರಿಂದ 5ಕ್ಕೆ, ಗೊನೋರಿಯಾ ಶೇ. 5ರಿಂದ 2ಕ್ಕೆ ಇಳಿದಿದ್ದವು. ಎಚ್‌ಐವಿ ಶೇ. 26 ಇದ್ದದ್ದು 24. ಅದು ಒಮ್ಮೆ ಬಂದರೆ ಹೋಗುವ ಸೋಂಕಲ್ಲವಾದ್ದರಿಂದ ಇಳಿಕೆ ನಿಧಾನ, ಆದರೆ ಹೊಸ ಸೋಂಕು ಕಡಿಮೆಯಾಗುತ್ತಿರುವ ಲಕ್ಷಣವಿತ್ತು. ಅಪರೂಪದ ಗಿರಾಕಿಗಳೊಡನೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತ್ತು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ ಅಂಕಿ ಇನ್ನೊಂದು. ಖಾಯಂ ಸಂಗಾತಿಯೊಡನೆ ಕಾಂಡೋಮ್ ಬಳಕೆ 2004ರಲ್ಲಿ ಬರೀ ಶೇ. 7 ಇತ್ತು, 2006ರಲ್ಲೂ ಶೇ. 30 ಮಾತ್ರ. ಅಂದರೆ ಅಪರಿಚಿತನಿಂದ ತನ್ನನ್ನು ಕಾಪಾಡಿಕೊಳ್ಳಲು ಕಲಿತವಳು, ತನ್ನವನೆಂದು ನಂಬಿದವನ ಎದುರು ಬರಿಗೈಯಲ್ಲಿದ್ದಳು. ಖಾಲಾ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇಲ್ಲಿಯೂ ಇದೆ.

ಕಾನೂನು ನಿಧಾನವಾಗಿ ಹಿಂದಿನಿಂದ ಬಂತು. ಎಚ್‌ಐವಿ ಕುರಿತ 2017ರ ಕಾಯಿದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದು, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ರಟ್ಟು ಮಾಡಬಾರದು ಎಂದಿತು. 2022ರ ಮೇ 19ರಂದು ಸುಪ್ರೀಂ ಕೋರ್ಟ್, ಈ ಮಹಿಳೆಯರು ಆರೋಗ್ಯಕ್ಕಾಗಿ ಇಟ್ಟುಕೊಳ್ಳುವ ಕಾಂಡೋಮನ್ನು ಅಪರಾಧದ ಸಾಕ್ಷಿಯಾಗಿ ಕಾಣಬಾರದು ಎಂದು ನಿರ್ದೇಶಿಸಿತು. 1864ರಿಂದ ಲೆಕ್ಕ ಹಾಕಿದರೆ ಇಷ್ಟು ಸಣ್ಣ ಮಾತಿಗೆ 158 ವರ್ಷ ಹಿಡಿಯಿತು.

ಈ ವೃತ್ತಿಯನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಯಾವ ತಾಯಿಯೂ ತನ್ನ ಮಗಳು ಆ ದಾರಿ ಹಿಡಿಯಲೆಂದು ಬಯಸುವುದಿಲ್ಲ, ಆ ದಾರಿಯಲ್ಲಿರುವ ತಾಯಂದಿರಂತೂ ಬಯಸುವುದೇ ಇಲ್ಲ. ಆದರೆ ಒಬ್ಬಳ ಬದುಕು ನಮಗೆ ಒಪ್ಪಿಗೆಯಿಲ್ಲ ಎಂಬುದು ಅವಳಿಗೆ ಔಷಧ ಸಿಗಬಾರದು ಎಂಬುದಕ್ಕೆ ಕಾರಣವಾಗಲಾರದು. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಸೋಂಕುಗಳಿಗೆ ಉಚಿತ ಚಿಕಿತ್ಸೆ ಇದೆ. ಎಚ್‌ಐವಿಗೆ 2004ರಿಂದ ಸರಕಾರವೇ ಉಚಿತ ಔಷಧ ಕೊಡುತ್ತಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಇಂದಿಗೂ ಅಡ್ಡ ನಿಂತಿರುವುದು ನೋಡುವವರ ಕಣ್ಣು.

ನಮ್ಮ ಕರಾವಳಿ ಗಂಡಸರನ್ನು ಹೊರಗೆ ಕಳುಹಿಸಿ ಬದುಕಿದ ನಾಡು. ಮುಂಬೈ ಹೋಟೆಲು, ಹಡಗು, ಗಲ್ಫ್, ಲಾರಿ, ಮೀನಿನ ಬೋಟು ಎಂದು ವರ್ಷಗಟ್ಟಲೆ ಮನೆಯಿಂದ ದೂರ ಇದ್ದವರ ದುಡಿಮೆಯಿಂದಲೇ ನಮ್ಮ ಮನೆಗಳು ಎದ್ದವು. ಅವರ ಒಂಟಿತನದ ಬಗ್ಗೆ ನಾವು ಮಾತನಾಡಲಿಲ್ಲ. ಅವರು ತಂದ ಅತ್ತರು, ಟಾರ್ಚು, ಕಂಬಳಿಗಳನ್ನು ಹಂಚಿಕೊಂಡೆವು. ತಂದ ರೋಗವನ್ನು ಮಾತ್ರ ಕಂಡರಿಯದ ಹೆಂಗಸಿನ ಲೆಕ್ಕಕ್ಕೆ ಬರೆದೆವು. ಅವನ ಹೆಂಡತಿಯಾಗಿ ಬರುವವಳಿಗೆ ಅಪಾಯವಿದೆಯೇ ಎಂದು ಕೇಳಲೂ ನಮಗೆ ನಾಚಿಕೆಯಾಯಿತು.

ಆ ಹುಡುಗ ಆಮೇಲೆ ಊರಲ್ಲಿ ಹೆಚ್ಚು ದಿನ ಇರಲಿಲ್ಲ. ಎಲ್ಲಿಗೆ ಹೋದನೆಂದು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ಖಾಲಾ ತೀರಿಕೊಂಡು ವರ್ಷಗಳಾದವು. ಅವರು ಅಂದು ಕೇಳಿದ್ದನ್ನು ನಾವು ಅಂಗಡಿಗೆ ಹೋಗಿ ಕೇಳಬಹುದಿತ್ತು, ಕೇಳಲಿಲ್ಲ. ಇಷ್ಟು ತಡವಾಗಿಯಾದರೂ ಇಲ್ಲಿ ಬರೆದಿದ್ದೇವೆ.